ಟಪಾಲು ಪುಸ್ತಕದಲ್ಲಿ ಜಾತಿ ಕಾಲಂ ಇಲ್ಲ, ಆದರೂ...

ನಾನು ಮೇಷ್ಟ್ರಲ್ಲ. ಕಾಲೇಜೊಂದರ ಆಫೀಸಲ್ಲಿ ಗುಮಾಸ್ತ. ಓದಿದ್ದು ಬಿ.ಎ. 'ಅಧ್ಯಾಪಕರ ತರಬೇತಿ ಬಗ್ಗೆ ಮಾತಾಡೋಕೆ ನೀನ್ಯಾರಯ್ಯ' ಅಂತ ಕೇಳೋರು ಕೇಳಲಿ. ಆದರೆ ಪ್ರೊಫೆಸರುಗಳಿಗಿಂತ ನನಗೆ ಚೆನ್ನಾಗಿ ಗೊತ್ತಿರೋದು ಒಂದಿದೆ: ಯಾವ ಸುತ್ತೋಲೆ ಯಾವತ್ತು ಬಂತು, ಯಾರ ಟೇಬಲ್ಲಿಗೆ ಹೋಯ್ತು, ಯಾರ ಟೇಬಲ್ಲಿಗೆ ಹೋಗಲೇ ಇಲ್ಲ. ಇನ್‌ವರ್ಡ್ ನಂಬರ್ ಹಾಕೋನು ನಾನೇ ತಾನೆ.

ಒಂದು ರಿಫ್ರೆಶರ್ ಕೋರ್ಸಿನ ಸುತ್ತೋಲೆ ಬಂತು. ನಂಬರ್ ಹಾಕಿ ಸಾಹೇಬರ ಟೇಬಲ್ಲಿಗೆ ಇಟ್ಟೆ. ನಮ್ಮ ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ದೇವರ ಫೋಟೋ ಬರುತ್ತೆ, ಹುಟ್ಟುಹಬ್ಬಕ್ಕೆ ಕೇಕು ಬರುತ್ತೆ, 'ನಾವೆಲ್ಲ ಒಂದೇ ಕುಟುಂಬ' ಅಂತಾನೂ ಬರುತ್ತೆ. ಆ ಸುತ್ತೋಲೆ ಮಾತ್ರ ಬರಲಿಲ್ಲ. ಸಂಜೆ ಒಟ್ಟಿಗೆ ಕಾಫಿಗೆ ಹೋಗುವ ನಾಲ್ವರಿಗೆ ಬೇರೆಯೇ ಒಂದು ಗ್ರೂಪ್ ಇದೆ. ಅಲ್ಲಿ ಬಂತು. ನಾಲ್ವರೂ ಅರ್ಜಿ ಹಾಕಿದ್ರು.

ಹತ್ತು ದಿನ ಆದಮೇಲೆ ನಮ್ಮ ಸಮುದಾಯದ ಮೇಡಂ ಒಬ್ಬರು ಬಂದು, 'ಅಣ್ಣಾ, ಯಾವುದೋ ಕೋರ್ಸಿಗೆ ಕರೆದಿದ್ದಾರಂತಲ್ಲ, ಕೊನೇ ದಿನ ಯಾವಾಗ?' ಅಂದ್ರು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲು. 'ಮೊನ್ನೇನೇ ಮುಗೀತು ಮೇಡಂ' ಅಂದೆ. ಅವರು ಏನೂ ಅನ್ನಲಿಲ್ಲ. ಫೈಲು ಟೇಬಲ್ಲಿಗಿಟ್ಟು ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆನಲ್ಲ, ಆ ತಪ್ಪು ನನ್ನದೂ ಹೌದು.

ಇದು ಸಣ್ಣ ವಿಷಯ ಅನ್ನೋರಿಗೆ ಹೇಳ್ತೀನಿ ಕೇಳಿ. ಯುಜಿಸಿ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು 10ನೇ ಹಂತದಿಂದ 11ಕ್ಕೆ ಹೋಗಬೇಕಾದರೆ ಸರ್ವೀಸ್ ಆದರೆ ಸಾಲದು. 21 ದಿನದ ಓರಿಯೆಂಟೇಶನ್ ಆಗಿರಬೇಕು, ರಿಫ್ರೆಶರ್ ಥರದ ಕೋರ್ಸೂ ಆಗಿರಬೇಕು. ಕೋರ್ಸ್ ತಡವಾದ್ರೆ ಬಡ್ತಿ ತಡ, ಬಡ್ತಿ ತಡವಾದ್ರೆ ಸಂಬಳಕ್ಕೆ ಪೆಟ್ಟು. ಆಮೇಲೆ ಅದೇ ಕಾಫಿ ಗುಂಪಿನವರು 'ಅವರು ಕೋರ್ಸೇ ಮಾಡಿಲ್ಲ, ಮೆರಿಟ್ ಎಲ್ಲಿಂದ ಬರುತ್ತೆ' ಅಂತಾರೆ!

1918ರಲ್ಲಿ ಬಾಬಾಸಾಹೇಬರು ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದಾಗ, ಸ್ಟಾಫ್ ರೂಮಿನ ನೀರಿನ ಪಾತ್ರೆ ಅವರು ಮುಟ್ಟಬಾರದು ಅಂತ ಸಹೋದ್ಯೋಗಿಗಳು ತಕರಾರು ಮಾಡಿದ್ರು. ಈಗ ಯಾರೂ ನೀರಿಗೆ ತಕರಾರು ಮಾಡಲ್ಲ. ಲಿಂಕ್ ಕಳಿಸಲ್ಲ, ಅಷ್ಟೇ.

ಅತಿಥಿ ಉಪನ್ಯಾಸಕರ ಪಾಡಂತೂ ಕೇಳಲೇಬೇಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೀತಿರೋದೇ ಅವರ ಬೆನ್ನ ಮೇಲೆ. 'ಬಡ್ತಿಯೇ ಇಲ್ಲದವರಿಗೆ ತರಬೇತಿ ಯಾಕೆ' ಅನ್ನೋ ಧೋರಣೆ. ಅವರ ಮುಂದೆ ಕೂತಿರೋ ಮಕ್ಕಳು ಯಾರ ಮಕ್ಕಳು ಸ್ವಾಮಿ?

ಅದಕ್ಕೇ ಸುತ್ತಮುತ್ತಲ ಮೂರು ತಾಲೂಕಿನವರು ಸೇರಿ ನಮ್ಮದೇ ಒಂದು ಗ್ರೂಪ್ ಮಾಡಿಕೊಂಡೆವು. ಸುತ್ತೋಲೆ ಬಂದ ದಿನವೇ ಕೊನೇ ದಿನಾಂಕದ ಜೊತೆ ಹಾಕಬೇಕು. ಕಾಯಂ, ಅತಿಥಿ ಅನ್ನೋ ಭೇದ ಇಲ್ಲ. ಭಾನುವಾರ ಸಂಜೆ ಒಬ್ಬರು ಆನ್‌ಲೈನಿನಲ್ಲಿ ಅರ್ಧ ಗಂಟೆ ಪಾಠ ಮಾಡ್ತಾರೆ, ಉಳಿದವರು ಎಲ್ಲಿ ಚೆನ್ನಾಗಿತ್ತು, ಎಲ್ಲಿ ತಿದ್ದಬೇಕು ಅಂತ ಹೇಳ್ತಾರೆ. ಅಲ್ಲಿನ ಮಾತಿನ ಸ್ಕ್ರೀನ್‌ಶಾಟ್ ಹೊರಗೆ ಹೋಗಕೂಡದು. ಗುಡ್ ಮಾರ್ನಿಂಗ್ ಬೇಡ, ಜೈ ಭೀಮ್ ಸ್ಟಿಕ್ಕರೂ ಬೇಡ.

ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಒಂದು ರಾತ್ರಿ ಹನ್ನೊಂದು ಗಂಟೆಗೆ, ಹನ್ನೊಂದು ವರ್ಷದಿಂದ ಪಾಠ ಮಾಡ್ತಿರೋ ಒಬ್ಬ ಮೇಷ್ಟ್ರು ಬರೆದ್ರು: 'ಸಂಶೋಧನಾ ಲೇಖನ ಬರೆಯೋದು ಹೇಗೆ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಕೇಳೋಕೆ ನಾಚಿಕೆ ಆಗ್ತಿತ್ತು.' ಬೆಳಗಾಗೋಷ್ಟರಲ್ಲಿ ಹದಿನಾಲ್ಕು ಉತ್ತರ. ಬಹುಪಾಲು ಒಂದೇ ಪದ: 'ನನಗೂ.'

'ಪಾಠದಲ್ಲೂ ಜಾತಿ ತರ್ತೀರಲ್ಲ' ಅನ್ನೋರಿಗೆ: ನಾವು ತರಲಿಲ್ಲ, ನಿಮ್ಮ ಕಾಫಿ ಟೇಬಲ್ಲಲ್ಲಿ ಅದು ಮೊದಲೇ ಕೂತಿತ್ತು. ನಮ್ಮ ಗ್ರೂಪಿನಲ್ಲಿ ಬೇರೆ ಜಾತಿಯ ಇಬ್ಬರು ಮೇಷ್ಟ್ರೂ ಇದ್ದಾರೆ. ನಿಯಮ ಒಪ್ಪಿ, ಬನ್ನಿ.

ನಮ್ಮವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ವೇದಿಕೆ ಹತ್ತಿ 'ಸಮಾಜದ ಋಣ ತೀರಿಸಿ' ಅಂತ ಭಾಷಣ ಮಾಡೋ ಪ್ರೊಫೆಸರುಗಳೇ, ನಮ್ಮ ಹುಡುಗ ಪಿಎಚ್‌ಡಿ ಸಿನಾಪ್ಸಿಸ್ ಹಿಡಿದು ಫೋನ್ ಮಾಡಿದ್ರೆ ಎತ್ತಿ. ಋಣ ತೀರೋದು ಅಲ್ಲಿ.

ಪ್ರಿನ್ಸಿಪಾಲರುಗಳೇ, ಪ್ರತಿ ಸುತ್ತೋಲೆಯೂ ಅದೇ ದಿನ ನೋಟಿಸ್ ಬೋರ್ಡಿಗೂ ಎಲ್ಲರ ಗ್ರೂಪಿಗೂ ಹೋಗಲಿ, ಅತಿಥಿಗಳಿಗೂ ಸೇರಿ. ಅದಕ್ಕೆ ಅನುದಾನ ಬೇಕಿಲ್ಲ.

ಗುಮಾಸ್ತ ಬಂಧುಗಳೇ, ತರಬೇತಿ ಸುತ್ತೋಲೆ ಗುಟ್ಟಿನ ಕಾಗದ ಅಲ್ಲ. ಎಲ್ಲರಿಗೂ ಕಳಿಸೋಣ ಅಂತ ಟಿಪ್ಪಣಿ ಬರೆದು ಫೈಲ್ ಇಡಿ, ಸಹಿ ಹಾಕಿಸಿಕೊಳ್ಳಿ. ನಾನು ಈಗ ಹಾಗೇ ಮಾಡ್ತಿದ್ದೀನಿ. ಆ ಮೇಡಂ ಮುಂದಿನ ಬ್ಯಾಚಿಗೆ ಅರ್ಜಿ ಹಾಕಿದ್ದಾರೆ. ಕಳೆದುಹೋದ ತಿಂಗಳುಗಳನ್ನು ಮಾತ್ರ ಯಾರೂ ವಾಪಸ್ ಕೊಡಲ್ಲ.

ಜೈ ಭೀಮ್.