ವಿಜ್ಞಾನದ ಚರಿತ್ರೆಯನ್ನು ಕಥೆಯಾಗಿ ಕೇಳಿಸುವುದು ತಕ್ಕದ್ದೇ? – ಪರ, ವಿರೋಧ

ವಿಜ್ಞಾನದ ಚರಿತ್ರೆಯ ಅಪರೂಪದ ಪ್ರಸಂಗಗಳನ್ನು ಧ್ವನಿಯಲ್ಲಿ ನಿರೂಪಿಸುವ ಕ್ರಮ ಬಾನುಲಿಯ ಕಾಲದಿಂದ ನಡೆದುಬಂದಿದೆ. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಖಾಸಗಿ ಕೇಂದ್ರ ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಸಿ. ವಿ. ರಾಮನ್ ಅವರ ಬಾನುಲಿ ಭಾಷಣಗಳು 1951ರಲ್ಲಿ ಪುಸ್ತಕವಾಗಿ ಬಂದವು. 1990ರ ದಶಕದ ಆರಂಭದಲ್ಲಿ ಆಕಾಶವಾಣಿ ಮಾನವ ವಿಕಾಸವನ್ನು ಕುರಿತು 144 ಕಂತುಗಳ ಸರಣಿಯನ್ನು ಹಲವು ಭಾರತೀಯ ಭಾಷೆಗಳಲ್ಲಿ ಬಿತ್ತರಿಸಿತು. ಈಗ ಆ ಜಾಗಕ್ಕೆ ಪಾಡ್‌ಕಾಸ್ಟ್ ಬಂದಿದೆ. ಅಮೆರಿಕದ ಲೇಖಕ ಸ್ಯಾಮ್ ಕೀನ್ ನಡೆಸುವ ‘ದಿ ಡಿಸಪಿಯರಿಂಗ್ ಸ್ಪೂನ್’ನಂಥ ಸರಣಿಗಳ ಬಂಡವಾಳವೇ ಅಚ್ಚರಿ: ಯಾರೂ ಕೇಳಿರದ ಪ್ರಸಂಗ, ಅನಿರೀಕ್ಷಿತ ತಿರುವು, ಅರ್ಧ ಗಂಟೆಯೊಳಗೆ ಮುಗಿಯುವ ನಿರೂಪಣೆ. ಈ ಬಗೆಯಿಂದ ವಿಜ್ಞಾನ ಹೆಚ್ಚು ತಿಳಿಯುತ್ತದೆಯೇ, ಅಥವಾ ತಿಳಿದಂತೆ ಅನ್ನಿಸುತ್ತದೆಯೇ ಎಂಬುದು ಇಲ್ಲಿನ ಚರ್ಚೆ.

ಪರ

ವಿಜ್ಞಾನದ ಕೆಲವು ಘಟನೆಗಳು ನಡೆದದ್ದೇ ಕಿವಿಯ ಮೂಲಕ. 1816ರಲ್ಲಿ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯ ವೈದ್ಯ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಇದಕ್ಕಿಂತ ದೊಡ್ಡ ಉದಾಹರಣೆ ಸ್ಪುಟ್ನಿಕ್‌ನದು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಆ ಉಪಗ್ರಹ 20 ಮತ್ತು 40 ಮೆಗಾಹರ್ಟ್ಸ್ ಆಸುಪಾಸಿನ ಎರಡು ತರಂಗಗಳಲ್ಲಿ ಸಂಕೇತ ಕಳಿಸುತ್ತಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ತರುಣರು ಮೇಲಿನವರ ಅಪ್ಪಣೆಗೆ ಕಾಯದೆ, ಬರಿಯ ಕುತೂಹಲದಿಂದ ಅದನ್ನು ಕೇಳತೊಡಗಿದರು. ಉಪಗ್ರಹ ಹತ್ತಿರ ಬರುವಾಗ ರಿಸೀವರಿನ ಸ್ವರ ಏರಿರುತ್ತಿತ್ತು, ದೂರ ಸರಿದಂತೆ ಇಳಿಯುತ್ತಿತ್ತು. ಹಳಿಯ ಪಕ್ಕ ನಿಂತವರಿಗೆ ರೈಲಿನ ಸಿಳ್ಳು ಬದಲಾದಂತೆ ಕೇಳಿಸುವುದಕ್ಕೆ ಕಾರಣವಾದ ಡಾಪ್ಲರ್ ಪರಿಣಾಮವೇ ಇಲ್ಲಿಯೂ ಕೆಲಸ ಮಾಡುತ್ತಿತ್ತು. ಸ್ವರ ಎಷ್ಟು ಇಳಿಯಿತು, ಎಷ್ಟು ಬೇಗ ಇಳಿಯಿತು ಎಂಬುದನ್ನು ಟೇಪಿಗೆ ಹತ್ತಿಸಿ, ಅಳೆದು, ಅವರು ಉಪಗ್ರಹದ ಕಕ್ಷೆಯನ್ನು ಲೆಕ್ಕ ಹಾಕಿದರು.

ಮುಂದಿನ ವರ್ಷ ಅವರ ಮೇಲಧಿಕಾರಿ ಫ್ರ್ಯಾಂಕ್ ಮೆಕ್ಲೂರ್ ಪ್ರಶ್ನೆಯನ್ನು ತಿರುಗಿಸಿ ಕೇಳಿದ: ನೆಲದ ಮೇಲೆ ನಾವಿರುವ ಜಾಗ ಗೊತ್ತಿದ್ದರೆ ಉಪಗ್ರಹದ ದಾರಿ ಸಿಗುತ್ತದೆ, ಉಪಗ್ರಹದ ದಾರಿ ಗೊತ್ತಿದ್ದರೆ ನಾವಿರುವ ಜಾಗ ಸಿಗಬಾರದೇಕೆ? ಜಲಾಂತರ್ಗಾಮಿ ನೌಕೆಗಳಿಗೆ ನೆಲೆ ತಿಳಿಸುವ ‘ಟ್ರಾನ್ಸಿಟ್’ ವ್ಯವಸ್ಥೆ ಇದರಿಂದ ಬೆಳೆಯಿತು. ಇಂದು ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್‌ಗೆ ಅದು ಪೂರ್ವಜ. ಈ ಪ್ರಸಂಗವನ್ನು ಅಚ್ಚಿನಲ್ಲಿ ವಿವರಿಸಲು ಒಂದು ಪುಟ, ಒಂದು ರೇಖಾಚಿತ್ರ ಬೇಕು. ಧ್ವನಿಮುದ್ರಣ ಕೇಳಿಸಿದರೆ ಅರ್ಧ ನಿಮಿಷ ಸಾಕು, ಏಕೆಂದರೆ ಅಲ್ಲಿ ಸದ್ದು ಅಲಂಕಾರವಲ್ಲ, ಪುರಾವೆ.

ಪರವಾದಿಗಳ ಎರಡನೆಯ ಆಧಾರ ಪಠ್ಯಪುಸ್ತಕದ ಮೌನ. ಪೆನಿಸಿಲಿನ್ ಎಂದೊಡನೆ ನೆನಪಾಗುವುದು 1928, ಅಲೆಗ್ಸಾಂಡರ್ ಫ್ಲೆಮಿಂಗ್, ಬೂಷ್ಟು ಹಿಡಿದ ತಟ್ಟೆ. ಅದು ಮದ್ದಾದದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ, ಆಕ್ಸ್‌ಫರ್ಡಿನಲ್ಲಿ, ಹವರ್ಡ್ ಫ್ಲೋರಿ ಮತ್ತು ಅರ್ನ್ಸ್ಟ್ ಚೇನ್ ಅವರ ತಂಡದಿಂದ. ತಂಡದ ನಾರ್ಮನ್ ಹೀಟ್ಲಿ ಯುದ್ಧಕಾಲದ ಅಭಾವದಲ್ಲಿ ಆಸ್ಪತ್ರೆಯ ಮಲಪಾತ್ರೆಗಳಲ್ಲಿಯೂ ಬೂಷ್ಟು ಬೆಳೆಸಿದ. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೋಂಕು ಕೊಟ್ಟು ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಚುಚ್ಚಿದರು; ಬೆಳಗಾಗುವಷ್ಟರಲ್ಲಿ ಬದುಕಿದ್ದವು ಆ ನಾಲ್ಕೇ. 1941ರಲ್ಲಿ ಮೊದಲು ಚಿಕಿತ್ಸೆ ಪಡೆದವರಲ್ಲಿ ಒಬ್ಬ ಪೊಲೀಸ್ ಪೇದೆ. ಅವನು ಚೇತರಿಸಿಕೊಳ್ಳುತ್ತಿದ್ದಂತೆ ಮದ್ದು ಮುಗಿಯುತ್ತ ಬಂತು. ಅವನ ಮೂತ್ರದಿಂದಲೇ ಅದನ್ನು ಮತ್ತೆ ಬೇರ್ಪಡಿಸಿ ಕೊಟ್ಟರೂ ಸಾಲದೆ ಅವನು ತೀರಿಕೊಂಡ. 1945ರ ನೊಬೆಲ್ ಮೂವರಿಗೆ ಬಂತು, ಹೀಟ್ಲಿಗೆ ಬರಲಿಲ್ಲ. ಕಥನಕ್ಕೆ ಇಂಥವರು ಬೇಕಾಗುತ್ತಾರೆ, ಸೂತ್ರಕ್ಕೆ ಬೇಕಾಗುವುದಿಲ್ಲ. ಕೇಳುಗನಿಗೆ ಇದರಿಂದ ದಕ್ಕುವುದು ಒಂದು ತಿಳಿವಳಿಕೆ: ಕಂಡುಹಿಡಿಯುವುದು ಬೇರೆ, ಕೈಗೆ ಬರುವಂತೆ ಮಾಡುವುದು ಬೇರೆ.

ಅಕ್ಷರ ಬಾರದವರು, ಕಣ್ಣು ಕಾಣದವರು, ಕೈಯಲ್ಲಿ ಕೆಲಸವಿದ್ದು ಕಿವಿ ಮಾತ್ರ ಬಿಡುವಾಗಿರುವವರು – ಇವರಿಗೆಲ್ಲ ಧ್ವನಿಯೇ ಸುಲಭದ ಹಾದಿ ಎಂಬ ವಾದವೂ ಇದೆ. ಅದನ್ನು ಯಾರೂ ಅಲ್ಲಗಳೆದಿಲ್ಲವಾದ್ದರಿಂದ ಬೆಳೆಸಬೇಕಾಗಿಲ್ಲ.

ವಿರೋಧ

ಆಕ್ಷೇಪ ಇರುವುದು ಕಿವಿಯ ಮೇಲಲ್ಲ, ಅಚ್ಚರಿಯ ಮೇಲೆ. ಅಚ್ಚರಿ ಬೇಕೆಂದು ಹೊರಟವರು ಒಂದು ದಿನ, ಒಂದು ಊರು, ಒಬ್ಬ ನಾಯಕ, ಒಂದು ಉದ್ಗಾರ ಹುಡುಕುತ್ತಾರೆ. ಇಲ್ಲದಿದ್ದರೆ ಕಟ್ಟುತ್ತಾರೆ. ಬೆಂಜೀನ್ ಅಣು ಉಂಗುರದಂತಿದೆ ಎಂದು ಆಗಸ್ಟ್ ಕೆಕುಲೆ 1865ರಲ್ಲಿ ಪ್ರಕಟಿಸಿದ. ತನ್ನ ಬಾಲವನ್ನೇ ಕಚ್ಚಿದ ಹಾವಿನ ಕನಸನ್ನು ಹೇಳಿದ್ದು 1890ರಲ್ಲಿ, ತನ್ನ ಗೌರವಾರ್ಥದ ಸಮಾರಂಭದಲ್ಲಿ. ಕನಸು ಬಿದ್ದಿರಲೂಬಹುದು. ಆದರೆ ಹಾವಿನ ಕಥೆಯ ಭರದಲ್ಲಿ ಆ ನಡುವಿನ ರಸಾಯನವಿಜ್ಞಾನವೆಲ್ಲ ಕಳೆದುಹೋಗುತ್ತದೆ.

ಭಾರತಕ್ಕೆ ಹತ್ತಿರದ ಉದಾಹರಣೆ ಹೀಲಿಯಂ. 1868ರ ಆಗಸ್ಟ್ 18ರಂದು ಗುಂಟೂರಿನಲ್ಲಿ ಪೂರ್ಣ ಸೂರ್ಯಗ್ರಹಣ ನೋಡುತ್ತಿದ್ದ ಫ್ರಾನ್ಸಿನ ಪಿಯೆರ್ ಜಾನ್ಸೆನ್‌ಗೆ ರೋಹಿತದಲ್ಲಿ ಹಳದಿ ಗೆರೆ ಕಾಣಿಸಿತು, ಹೊಸ ಧಾತು ಸಿಕ್ಕಿತು – ಮೈಕಿನ ಮುಂದೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ನಡೆದದ್ದು ಇಷ್ಟು ಸಲೀಸಾಗಿಲ್ಲ. ಆ ದಿನ ಗ್ರಹಣದ ಹಾದಿಯುದ್ದಕ್ಕೂ ವೀಕ್ಷಕರಿದ್ದರು: ಗುಂಟೂರಿನಲ್ಲಿ ಜಾನ್ಸೆನ್ ಅಲ್ಲದೆ ಮೇಜರ್ ಟೆನೆಂಟ್ ತಂಡ, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್, ಇತ್ತ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ರೋಹಿತದಲ್ಲಿ ಉಜ್ವಲ ಗೆರೆಗಳನ್ನು ಕಂಡವರು ಹಲವರು. ಹಳದಿ ಗೆರೆ ಸೋಡಿಯಂನದ್ದಿರಬೇಕೆಂದು ಎಣಿಸಿದವರೂ ಇದ್ದರು. ಜಾನ್ಸೆನ್ನನ ನಿಜವಾದ ಸಾಧನೆ ಬೇರೆ. ಗೆರೆಗಳು ಅಷ್ಟು ಪ್ರಖರವಾಗಿದ್ದರೆ ಗ್ರಹಣವಿಲ್ಲದೆಯೂ ಕಾಣಬೇಕು ಎಂದು ಅವನಿಗೆ ಹೊಳೆಯಿತು. ಮರುದಿನವೇ ಕಂಡು ತೋರಿಸಿದ. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಸ್ವತಂತ್ರವಾಗಿ ಅದನ್ನೇ ಸಾಧಿಸಿದ. ಹಳದಿ ಗೆರೆ ಸೋಡಿಯಂನ ಜಾಗದಲ್ಲಿಲ್ಲ ಎಂಬುದನ್ನು ಹಿಡಿದು ಹೊಸ ಧಾತುವಿನ ಊಹೆಯತ್ತ ನಡೆದವನು ಲಾಕಿಯರ್. ಅನುಮಾನಿಸಿದವರು ಬಹಳ. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರ‍್ಯಾಮ್ಸೆ ಒಂದು ಯುರೇನಿಯಂ ಖನಿಜದಿಂದ ಹೊರಟ ಅನಿಲವನ್ನು ಪರೀಕ್ಷಿಸಿದಾಗ.

ಇಪ್ಪತ್ತೇಳು ವರ್ಷ, ನಾಲ್ಕಾರು ಊರು, ಒಂದು ತಪ್ಪು ಗುರುತು, ದೀರ್ಘ ಸಂಶಯ: ವಿಜ್ಞಾನ ನಡೆಯುವ ರೀತಿ ಇದು. ‘ಗುಂಟೂರಿನಲ್ಲಿ ಹೀಲಿಯಂ ಸಿಕ್ಕಿತು’ ಎಂಬ ಒಂದು ಸಾಲಿಗೆ ಅದನ್ನು ಇಳಿಸಿದರೆ ಹೆಮ್ಮೆ ಉಳಿಯುತ್ತದೆ, ಜಾನ್ಸೆನ್ನನ ಜಾಣ್ಮೆಯೇ ಬಿಟ್ಟುಹೋಗುತ್ತದೆ.

ಎರಡನೆಯ ಆಕ್ಷೇಪ ಮಾಧ್ಯಮದ ಮಿತಿ. ರೋಹಿತದ ಎರಡು ಗೆರೆಗಳ ನಡುವಿನ ಕೂದಲೆಳೆಯ ಅಂತರವನ್ನು ಮಾತಿನಲ್ಲಿ ತೋರಿಸಲಾಗದು. ರೋಸಲಿಂಡ್ ಫ್ರ್ಯಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ರೇಮಂಡ್ ಗಾಸ್ಲಿಂಗ್ 1952ರಲ್ಲಿ ತೆಗೆದ ಡಿಎನ್‌ಎಯ 51ನೇ ಎಕ್ಸ್-ರೇ ಚಿತ್ರವನ್ನು ಕೇಳಿಸುವುದು ಹೇಗೆ? ನಿರೂಪಕರು ಸಾಮಾನ್ಯವಾಗಿ ಆ ಚಿತ್ರವನ್ನು ಬಿಟ್ಟು ಅದನ್ನು ಯಾರು ಯಾರಿಗೆ ತೋರಿಸಿದರು ಎಂಬ ಜಗಳಕ್ಕೆ ಹೊರಳುತ್ತಾರೆ. ಜಗಳ ಕೇಳಲು ಚೆನ್ನಾಗಿರುತ್ತದೆ. ಶಿಲುಬೆಯಾಕಾರದಲ್ಲಿ ಹರಡಿದ ಆ ಕಲೆಗಳು ಸುರುಳಿಯನ್ನು ಏಕೆ ಸೂಚಿಸುತ್ತವೆ ಎಂಬುದು ಹೊರಗೇ ಉಳಿಯುತ್ತದೆ.

ಸದ್ದು ಸ್ವತಃ ನಂಬಿಗಸ್ತ ಸಾಕ್ಷಿಯೇ ಎಂಬುದೂ ಸಂಶಯ. ಪ್ಯಾರಿಸ್ಸಿನ ಎದುವಾರ್-ಲೆಯಾನ್ ಸ್ಕಾಟ್ 1860ರಲ್ಲಿ ಮಸಿ ಹಿಡಿದ ಕಾಗದದ ಮೇಲೆ ಧ್ವನಿಯ ಅಲೆಗಳನ್ನು ಗೆರೆಯಾಗಿ ಬರೆಸಿದ್ದ. ಎಡಿಸನ್ನನ ಫೋನೋಗ್ರಾಫ್‌ಗಿಂತ ಹದಿನೇಳು ವರ್ಷ ಮೊದಲು. ಮತ್ತೆ ಕೇಳಿಸುವ ಉದ್ದೇಶ ಅವನಿಗಿರಲಿಲ್ಲ, ಧ್ವನಿಯನ್ನು ಕಣ್ಣಿಗೆ ಕಾಣಿಸುವುದಷ್ಟೇ ಬೇಕಿತ್ತು. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳನ್ನು ಕಂಪ್ಯೂಟರಿನಿಂದ ಓದಿಸಿ ಹಾಡಿನ ತುಣುಕೊಂದನ್ನು ಹೊರಡಿಸಿದರು. ಹುಡುಗಿಯೋ ಹೆಂಗಸೋ ಹಾಡಿದಂತೆ ಕೇಳಿದ ಆ ದನಿ ಲೋಕವನ್ನು ಸುತ್ತಿತು. ಮರುವರ್ಷ ತಪ್ಪು ತಿಳಿಯಿತು: ಓಡಿಸಿದ ವೇಗ ಎರಡುಪಟ್ಟಾಗಿತ್ತು. ಸರಿಯಾದ ವೇಗದಲ್ಲಿ ಅದು ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ.

ಮರುಮಾತು

ಪರ: ಸ್ಕಾಟ್‌ನ ಪ್ರಸಂಗ ವಿರೋಧಿಗಳಿಗಿಂತ ತಮಗೇ ಹೆಚ್ಚು ನೆರವಾಗುತ್ತದೆ ಎನ್ನುತ್ತಾರೆ ಪರವಾದಿಗಳು. ಎರಡೂ ವೇಗಗಳನ್ನು ಒಂದರ ಹಿಂದೊಂದು ಕೇಳಿಸಿದರೆ, ಊಹೆ ತಪ್ಪಿದ ಬಗೆಯನ್ನು ಕೇಳುಗ ಸ್ವತಃ ಅರಿಯುತ್ತಾನೆ. ಹೀಲಿಯಂನ ಕಥೆಯೂ ಹಾಗೆಯೇ. ನಿಜವಾದ ಪ್ರಸಂಗ ಕಟ್ಟುಕಥೆಗಿಂತ ರೋಚಕ, ಕೊರತೆ ಇರುವುದು ನಿರೂಪಕರ ತಾಳ್ಮೆಯಲ್ಲಿ. ಕನ್ನಡದಲ್ಲಿ ಇದಕ್ಕೆ ಸಿದ್ಧ ಮಾದರಿಯೊಂದಿದೆ. ಗಮಕದಲ್ಲಿ ಕಾವ್ಯ ವಾಚಿಸುವವರು ಒಬ್ಬರು, ವ್ಯಾಖ್ಯಾನಿಸುವವರು ಇನ್ನೊಬ್ಬರು. ಕವಿಯ ಮಾತು ಯಾವುದು, ವ್ಯಾಖ್ಯಾನಕಾರರದು ಯಾವುದು ಎಂಬ ಗೊಂದಲ ಕೇಳುಗನಿಗಿಲ್ಲ. ದಾಖಲೆಯನ್ನು ಒಂದು ದನಿ ಓದಿ, ವಿವರಣೆಯನ್ನು ಇನ್ನೊಂದು ದನಿ ಕೊಟ್ಟರೆ ವಿಜ್ಞಾನದ ಚರಿತ್ರೆಗೂ ಈ ಶಿಸ್ತು ಒದಗುತ್ತದೆ. ಈ ಚರ್ಚೆಯಲ್ಲಿ ಬಂದ ಸಲಹೆಗಳಲ್ಲಿ ಕೂಡಲೇ ಮಾಡಿ ನೋಡಬಹುದಾದದ್ದು ಇದೊಂದೇ.

ವಿರೋಧ: ಮಾದರಿ ಒಳ್ಳೆಯದೇ, ಆದರೆ ಗಮಕದ ಸಭೆಯಲ್ಲಿ ಕೂತವರಿಗೆ ಕಥೆ ಮೊದಲೇ ಗೊತ್ತಿರುತ್ತದೆ, ಹೊಸ ತಿರುವಿಗಾಗಿ ಅವರು ಬಂದಿರುವುದಿಲ್ಲ. ಪಾಡ್‌ಕಾಸ್ಟಿನ ಕೇಳುಗ ಬರುವುದು ತಿರುವಿಗಾಗಿಯೇ. ಇನ್ನೊಂದು ತೊಡಕು ಸಾಮಗ್ರಿಯದು. ಸ್ಪುಟ್ನಿಕ್‌ಗೆ ಟೇಪು ಇದೆ. 1868ರ ಜಮಖಂಡಿಗೆ ಇರುವುದು ಲಂಡನ್ನಿನ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಅಚ್ಚಾದ ಹರ್ಷೆಲ್‌ನ ಇಂಗ್ಲಿಷ್ ವರದಿ. ಅಂಥ ವರದಿಗಳನ್ನು ಮೊದಲು ಕನ್ನಡಕ್ಕೆ ತಂದು ಓದಲು ಸಿಗುವಂತೆ ಮಾಡದೆ, ಹಿನ್ನೆಲೆಗೆ ಜನಜಂಗುಳಿಯ ಗದ್ದಲವನ್ನೂ ಹಕ್ಕಿಗಳ ಕಲರವವನ್ನೂ ಸೇರಿಸಿ ಕಂತು ತಯಾರಿಸಿದರೆ, ಅದರಲ್ಲಿ ದಾಖಲೆಯದ್ದೆಷ್ಟು, ಸ್ಟುಡಿಯೋದ್ದೆಷ್ಟು ಎಂದು ಪರಿಶೀಲಿಸಲು ಕೇಳುಗನ ಕೈಯಲ್ಲಿ ಏನೂ ಇರುವುದಿಲ್ಲ.