‘ಓಟಿಪಿ ಬಂತಾ, ಮಾ?’

ಕಾಲೇಜಿನಲ್ಲಿ ಮಧ್ಯಾಹ್ನದ ಕ್ಲಾಸು ನಡೆದಿತ್ತು. ಸೈಲೆಂಟ್ ಮಾಡಿಟ್ಟಿದ್ದ ಫೋನು ಬ್ಯಾಗಿನೊಳಗೆ ಒಂದೇ ಸಮ ನಡುಗುತ್ತಿತ್ತು. ನಾಲ್ಕನೇ ಸಲಕ್ಕೆ ಮೇಷ್ಟ್ರ ಅನುಮತಿ ಕೇಳಿ ಹೊರಗೆ ಬಂದೆ. ಆ ಕಡೆ ಇದ್ದದ್ದು ಠಾಕುಮಾ. ಬಂಗಾಳಿಯಲ್ಲಿ ಅಪ್ಪನ ತಾಯಿಯನ್ನು ಹೀಗೆ ಕರೆಯುತ್ತೇವೆ. ‘ಓಟಿಪಿ ಬಂತಾ, ಮಾ?’ ಎಂದಳು. ಪಿಂಚಣಿ ಖಾತೆಯ ಕೆವೈಸಿ ಮಾಡಿಸಲು ಅವಳು ಸೇವಾ ಕೇಂದ್ರದಲ್ಲಿ ಕೂತಿದ್ದಳು. ಆ ಖಾತೆಗೆ ಜೋಡಿಸಿರುವುದು ನನ್ನ ನಂಬರು. ಆರು ಅಂಕಿ ಹೇಳಿ ಒಳಗೆ ಹೋಗುವಷ್ಟರಲ್ಲಿ ಹಾಜರಿ ಮುಗಿದಿತ್ತು.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳ ಹೆಸರನ್ನು ಈ ಭಾಗದ ಎಲ್ಲರೂ ಕೇಳಿರುತ್ತಾರೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಊರು ಬಿಟ್ಟು ಬಂದ ನೂರಾರು ಕುಟುಂಬಗಳಿಗೆ ಸರ್ಕಾರ 1970ರ ದಶಕದಲ್ಲಿ ಇಲ್ಲಿ ಪುನರ್ವಸತಿ ಕಲ್ಪಿಸಿತು. ಬರ್ಮಾದಿಂದ ಬಂದವರೂ ಇದ್ದಾರೆ. ಬಂಧುಗಳನ್ನು ನಂಬಿ ಆಮೇಲೆ ಬಂದು ಸೇರಿಕೊಂಡವರೂ ಇದ್ದಾರೆ. ತುಂಗಭದ್ರಾ ಕಾಲುವೆಯ ನೀರು, ಭತ್ತದ ಗದ್ದೆ, ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ಮೂರನೇ ತಲೆಮಾರಿನ ನಾವು ಬೆಳೆದದ್ದು ಹೀಗೆ.

ಈ ಐವತ್ತು ವರ್ಷಗಳಲ್ಲಿ ಸರ್ಕಾರದ ಕಚೇರಿ ಕೌಂಟರಿನಿಂದ ಮೊಬೈಲಿಗೆ ಬಂದಿದೆ. ನಮ್ಮ ಹಿರಿಯರು ಮಾತ್ರ ಕೌಂಟರಿನ ಮುಂದೆಯೇ ನಿಂತಿದ್ದಾರೆ. ಅವರಿಬ್ಬರ ನಡುವೆ ಓಡಾಡುತ್ತಿರುವವಳು ಮೊಮ್ಮಗಳು. ಅವಳಿಗೆ ಸಂಬಳವಿಲ್ಲ, ತರಬೇತಿಯಿಲ್ಲ. ತಪ್ಪಾದರೆ ಬೈಗುಳ ಮಾತ್ರ ಅವಳ ಪಾಲಿಗೆ ಬರುತ್ತದೆ. ‘ಡಿಜಿಟಲ್ ಆಡಳಿತ’ದ ಲೆಕ್ಕದಲ್ಲಿ ಈ ದುಡಿಮೆ ಎಲ್ಲೂ ಕಾಣುವುದಿಲ್ಲ.

ಒಂದು ಅಕ್ಷರದ ತಪ್ಪು

ಪಿಂಚಣಿ, ಗೃಹಲಕ್ಷ್ಮಿಯ ಎರಡು ಸಾವಿರ, ಪಿಎಂ ಕಿಸಾನ್, ಪಡಿತರ: ಎಲ್ಲಕ್ಕೂ ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿಯಲ್ಲಿ ಹೆಸರು ಹೊಂದಬೇಕು. ಎಲ್ಲ ಹಳ್ಳಿಗಳಲ್ಲೂ ಈ ತೊಂದರೆ ಇದೆ. ಆದರೆ ನಮ್ಮ ಕ್ಯಾಂಪಿನಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಬಂಗಾಳಿಯಲ್ಲಿ ‘ವ’ಕಾರವನ್ನು ‘ಬ’ ಎನ್ನುತ್ತಾರೆ, ‘ಅ’ ಹಲವು ಕಡೆ ‘ಒ’ ಆಗುತ್ತದೆ. ಹಾಗಾಗಿ ಒಬ್ಬನೇ ಮನುಷ್ಯ ಹಳೆಯ ಕಾಗದದಲ್ಲಿ ಬಿಸ್ವಾಸ್, ಕನ್ನಡ ಶಾಲೆಯ ದಾಖಲೆಯಲ್ಲಿ ವಿಶ್ವಾಸ್. ಒಂದು ಕಡೆ ಮಂಡಲ್, ಇನ್ನೊಂದು ಕಡೆ ಮೊಂಡಲ್. ಬರೆದವರು ಕೇಳಿಸಿಕೊಂಡಂತೆ ಬರೆದರು. ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು.

‘ಹೆಸರು ಒಂದಕ್ಕೊಂದು ಹೊಂದವಲ್ದು ನೋಡವ್ವಾ, ತಿದ್ದಿಸ್ಕೊಂಡು ಬಾ’ ಎಂದು ಸೇವಾ ಕೇಂದ್ರದವರು ಹೇಳಿದಾಗ ನಾನು ಆಗಿನ್ನೂ ಪಿಯುಸಿ ಹುಡುಗಿ. ಅವಸರದಲ್ಲಿ ಆಧಾರ್‌ನಲ್ಲಿ ಠಾಕುಮಾಳ ಹೆಸರು ತಿದ್ದಿಸಿದೆ. ಮನೆಗೆ ಬಂದು ಹಳೆಯ ಕಾಗದ ತೆಗೆದು ನೋಡಿದರೆ ಅದರಲ್ಲಿ ಇನ್ನೊಂದು ರೀತಿ! ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರನ್ನು ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಹದಿನೇಳು ವರ್ಷದ ನಾನು ಠಾಕುಮಾಳ ಒಂದು ಅವಕಾಶವನ್ನು ಹಾಳು ಮಾಡಿದ್ದೆ. ಅವಳು ಬೈಯಲಿಲ್ಲ. ‘ನಿನಗಲ್ಲದೆ ನನಗೆ ಓದಲು ಬರುತ್ತದೆಯೇ?’ ಎಂದಳು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಪೌರತ್ವ ಎಂಬ ಪರೀಕ್ಷೆ

ಪಿಂಚಣಿ ತಪ್ಪಿದರೆ ಮತ್ತೆ ಅರ್ಜಿ ಹಾಕಬಹುದು. ಪೌರತ್ವದ ವಿಷಯ ಹಾಗಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ (ತಿದ್ದುಪಡಿ) ಕಾಯ್ದೆ ಬಂತು. 2024ರ ಮಾರ್ಚ್ 11ರಂದು ಅದರ ನಿಯಮಗಳು ಪ್ರಕಟವಾದವು. ಧರ್ಮದ ಆಧಾರದಲ್ಲಿ ಭೇದ ಮಾಡುತ್ತದೆ ಎಂಬ ಆಕ್ಷೇಪದೊಂದಿಗೆ ಈ ಕಾಯ್ದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಆ ಚರ್ಚೆ ಅಗತ್ಯ. ಆದರೆ ಕ್ಯಾಂಪಿನ ಮನೆಗಳಲ್ಲಿ ಚರ್ಚೆಯಾಗಿದ್ದು ಬೇರೆ: ‘ಫಾರ್ಮ್ ತುಂಬುವವರು ಯಾರು?’

ಅರ್ಜಿ ಸಲ್ಲಿಸುವುದು ಆನ್‌ಲೈನ್‌ನಲ್ಲಿ. ಆ ದೇಶದಿಂದ ಬಂದದ್ದಕ್ಕೊಂದು ದಾಖಲೆ, 2014ರ ಡಿಸೆಂಬರ್ 31ರಂದು ಅಥವಾ ಅದಕ್ಕೆ ಮೊದಲು ಬಂದದ್ದಕ್ಕೊಂದು ದಾಖಲೆ, ಪ್ರಮಾಣಪತ್ರ, ಅಫಿಡವಿಟ್ಟು ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಬೇಕು. ಬಳಿಕ ಅಂಚೆ ಅಧಿಕಾರಿಯ ನೇತೃತ್ವದ ಜಿಲ್ಲಾ ಸಮಿತಿಯ ಮುಂದೆ ಮೂಲ ಕಾಗದ ತೋರಿಸಿ ನಿಷ್ಠೆಯ ಪ್ರಮಾಣ ಮಾಡಬೇಕು. 2024ರ ಆಗಸ್ಟ್‌ನಲ್ಲಿ ಸಿಂಧನೂರು ಕ್ಯಾಂಪಿನ ಐವರಿಗೆ ಪೌರತ್ವ ಸಿಕ್ಕ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಕ್ಯಾಂಪಿನಲ್ಲಿ ಆಸೆ ಚಿಗುರಿತು. ಜತೆಗೇ ‘ನಮ್ಮದನ್ನೂ ನೋಡಮ್ಮಾ’ ಎಂದು ಕಾಗದದ ಗಂಟು ಹಿಡಿದು ಬರುವವರೂ ಹೆಚ್ಚಾದರು.

ನನ್ನ ಗೆಳತಿಯೊಬ್ಬಳ ಕಥೆ ಹೇಳಿದರೆ ಇದರ ಭಾರ ತಿಳಿದೀತು. ಅವಳ ಅಪ್ಪ 1978ರಲ್ಲಿ ಕ್ಯಾಂಪಿನಲ್ಲೇ ಹುಟ್ಟಿದವರು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪೌರರು, ಹಾಗಾಗಿ ಅವರಿಗೆ ಚಿಂತೆಯಿಲ್ಲ. ಅಮ್ಮ ಮಾತ್ರ ಚಿಕ್ಕಂದಿನಲ್ಲಿ ಬಂಧುಗಳ ಜತೆ ಆ ಕಡೆಯಿಂದ ಬಂದವರು. ಗೆಳತಿ ಹುಟ್ಟಿದ್ದು 2005ರಲ್ಲಿ. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ತಂದೆ–ತಾಯಿ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಅಮ್ಮನ ಅರ್ಜಿಯನ್ನು ಮೊಬೈಲಿನಲ್ಲಿ ತುಂಬುತ್ತಾ ಕೂತ ಆ ಹುಡುಗಿ ತನ್ನ ಭವಿಷ್ಯವನ್ನೂ ತುಂಬುತ್ತಿದ್ದಳು. ಅವಳ ಪಕ್ಕದಲ್ಲಿ ಸರ್ಕಾರಿ ನೌಕರಿ ಪರೀಕ್ಷೆಯ ಪುಸ್ತಕ ಇತ್ತು. ಆಧಾರ್ ಕಾರ್ಡು ಪೌರತ್ವದ ದಾಖಲೆಯಲ್ಲ ಎಂಬುದನ್ನು ಅಮ್ಮನಿಗೆ ಬಿಡಿಸಿ ಹೇಳಿದವಳೂ ಅವಳೇ. ಹೇಳುವಾಗ ತನ್ನ ಹೆದರಿಕೆಯನ್ನು ಮುಚ್ಚಿಟ್ಟುಕೊಂಡಿದ್ದಳು.

ಜಾತಿ ಪ್ರಮಾಣಪತ್ರದ ಕಥೆಯೂ ಇಂಥದ್ದೇ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿಗೆ ಸೇರಿದವರು. ಕರ್ನಾಟಕದ 101 ಜಾತಿಗಳ ಪಟ್ಟಿಯಲ್ಲಿ ಆ ಹೆಸರಿಲ್ಲ. ‘ಅಲ್ಲಿ ಇದೆ, ಇಲ್ಲಿ ಯಾಕಿಲ್ಲ?’ ಎಂಬ ಅಜ್ಜಂದಿರ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೂ ನಮ್ಮದೇ.

ಫೋನು ಯಾರದು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ದೇಶದಲ್ಲಿ ಮೂವರಿಗೆ ಒಬ್ಬರು ಮಾತ್ರ. ಹುಡುಗಿ ಕೈಯಲ್ಲಿ ಫೋನು ಹಿಡಿದರೆ ‘ಯಾರ ಜತೆ ಮಾತು?’ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲೂ ಇದೆ. ತಮಾಷೆ ನೋಡಿ, ಅಜ್ಜಿಯ ಪಿಂಚಣಿ ಬಂತೋ ಇಲ್ಲವೋ ನೋಡಲು ಅದೇ ಫೋನನ್ನು ಕೈಗಿಡುತ್ತಾರೆ. ನೋಡಿ ಮುಗಿದ ಮೇಲೆ ವಾಪಸ್ ಕೇಳುತ್ತಾರೆ.

ಅಣ್ಣ–ತಮ್ಮಂದಿರಿಗೆ ಮೊಬೈಲ್ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಈ ಕೆಲಸ ಹುಡುಗಿಯರ ಪಾಲಿಗೇ ಬರುತ್ತದೆ. ಅಜ್ಜಿಯ ಕಾಲು ಒತ್ತುವುದು, ಮಾತ್ರೆ ಕೊಡುವುದು, ಈಗ ಓಟಿಪಿ ಓದುವುದು. ಮನೆಗೆಲಸದ ಪಟ್ಟಿಗೆ ತಂತ್ರಜ್ಞಾನವೂ ಸೇರಿಕೊಂಡಿದೆ.

ಇದರಲ್ಲಿ ಒಳ್ಳೆಯದೇನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಾಗದ ಹುಡುಕುವ ನೆಪದಲ್ಲಿ ಠಾಕುಮಾ ನನಗೆ ತನ್ನ ಊರಿನ ನದಿ, ದಾರಿಯಲ್ಲಿ ಕಳೆದುಹೋದ ಪಾತ್ರೆ, ಕ್ಯಾಂಪಿಗೆ ಬಂದ ಮೊದಲ ದಿನಗಳ ಬಿಸಿಲು ಎಲ್ಲ ಹೇಳಿದ್ದಾಳೆ. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದೂ ಇದರಿಂದಲೇ. ಕಾಲೇಜು ಬಿಡಿಸುವ ಮಾತು ಬಂದಾಗ ‘ಅವಳು ಓದಲಿ, ನಮ್ಮ ಕಾಗದ ಯಾರು ಓದುತ್ತಾರೆ?’ ಎಂದವಳು ಠಾಕುಮಾ.

ಹೊರಗಿನವರು ಕಲಿತದ್ದು

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನ ವಲಸಿಗ ಕುಟುಂಬಗಳಲ್ಲಿ ಮಕ್ಕಳೇ ದುಭಾಷಿಗಳಾಗುವುದನ್ನು ವಿಕಿ ಕಾಟ್ಜ್ ಎಂಬ ಸಂಶೋಧಕಿ ಅಧ್ಯಯನ ಮಾಡಿ 2014ರಲ್ಲಿ ಪುಸ್ತಕ ಬರೆದರು. ಆ ದೇಶದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಭಾಷಿಯಾಗಿ ನೆಚ್ಚುವಂತಿಲ್ಲ ಎಂಬ ನಿಯಮವೂ ಇದೆ. ಅರ್ಥ ಮಾಡಿಸುವುದು ಸಂಸ್ಥೆಯ ಹೊಣೆ, ಮಗುವಿನದಲ್ಲ ಎಂಬುದು ಅದರ ತಿರುಳು. ನಮ್ಮಲ್ಲಿ ಈ ಯೋಚನೆ ಇನ್ನೂ ಶುರುವಾಗಿಲ್ಲ.

ಮಾಡಬಹುದಾದದ್ದು

ಮೊದಲನೆಯದಾಗಿ, ಕ್ಯಾಂಪುಗಳಿರುವ ಗ್ರಾಮ ಪಂಚಾಯ್ತಿಗಳಲ್ಲಿ ಬಂಗಾಳಿ–ಕನ್ನಡ ಎರಡೂ ಬಲ್ಲ ಸಹಾಯಕಿಯರನ್ನು ಗೌರವಧನ ಕೊಟ್ಟು ನೇಮಿಸಲಿ. ಅಂಥ ಕೆಲಸಕ್ಕೆ ಬೇಕಾದ ಅನುಭವ ಹತ್ತಾರು ಹುಡುಗಿಯರಲ್ಲಿ ಈಗಾಗಲೇ ಇದೆ. ಎರಡನೆಯದಾಗಿ, ಹೆಸರಿನ ಉಚ್ಚಾರ ವ್ಯತ್ಯಾಸವನ್ನು ಸರಿಪಡಿಸಲು ಅಧಿಕಾರಿಗಳೇ ಕ್ಯಾಂಪಿಗೆ ಬಂದು, ಎಲ್ಲ ದಾಖಲೆಗಳನ್ನು ಒಟ್ಟಿಗೆ ಇಟ್ಟು ತಿದ್ದುವ ಶಿಬಿರ ನಡೆಸಲಿ. ಒಂದನ್ನು ತಿದ್ದಿ ಇನ್ನೊಂದನ್ನು ಕೆಡಿಸುವುದು ಆಗ ತಪ್ಪುತ್ತದೆ.

ನನ್ನಂಥವರಿಗೂ ಒಂದು ಮಾತು. ತಿದ್ದಿಸುವ ಮೊದಲು ಅತ್ಯಂತ ಹಳೆಯ ಕಾಗದ ನೋಡಿ. ಅರ್ಜಿಯ ಪ್ರತಿ, ಸ್ವೀಕೃತಿ ಸಂಖ್ಯೆ ಎತ್ತಿಡಿ. ಫೋನ್ ಮಾಡಿ ಓಟಿಪಿ ಕೇಳುವ ಅಪರಿಚಿತರಿಗೆ ಹೇಳಬಾರದೆಂದು ಹಿರಿಯರಿಗೆ ಕಲಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಪೌರತ್ವದಂಥ ಅರ್ಜಿಯನ್ನು ಕಾನೂನು ಬಲ್ಲವರಿಗೆ ತೋರಿಸದೆ ಕಳಿಸಬೇಡಿ. ಕೆಲಸದ ಸಂದರ್ಶನದಲ್ಲಿ ‘ಅನುಭವ ಇದೆಯೇ?’ ಎಂದು ಕೇಳಿದರೆ ಇಲ್ಲ ಎನ್ನಬೇಡಿ. ಮೂರು ಭಾಷೆಯಲ್ಲಿ ಹತ್ತು ಕಚೇರಿಗಳ ಫಾರ್ಮ್ ತುಂಬಿಸಿದ್ದೀರಿ. ಅದೂ ಅನುಭವವೇ.

ಕಳೆದ ತಿಂಗಳಿಂದ ಠಾಕುಮಾಗೆ ಅಂಕಿ ಗುರುತಿಸುವುದನ್ನು ಕಲಿಸುತ್ತಿದ್ದೇನೆ. ಆರು ಮತ್ತು ಒಂಬತ್ತರ ನಡುವೆ ಇನ್ನೂ ಗೊಂದಲವಿದೆ. ಅದು ಸರಿಹೋದರೆ ಅವಳ ಹೆಸರಿನಲ್ಲೇ ಒಂದು ಸಿಮ್ ಕೊಡಿಸುವುದೆಂದು ತೀರ್ಮಾನಿಸಿದ್ದೇವೆ.