ವಿಕ್ರಮ್‌ನಿಂದ ಪಿಎಸ್‌ಎಲ್‌ವಿವರೆಗೆ: ಸಂಸ್ಥೆ ಮೌನವಾದಾಗ ಮಾತಾಡುವ ಹವ್ಯಾಸಿಗಳು

ಬೆಂಗಳೂರು: 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಲು ಕೆಲವೇ ಕ್ಷಣಗಳಿರುವಾಗ ಮೌನವಾಯಿತು. 2.1 ಕಿ.ಮೀ. ಎತ್ತರದವರೆಗೆ ಎಲ್ಲವೂ ನಿರೀಕ್ಷೆಯಂತೆಯೇ ನಡೆದಿತ್ತು, ಅನಂತರ ಸಂಪರ್ಕ ಕಡಿಯಿತು ಎಂದು ಇಸ್ರೋದ ಅಂದಿನ ಅಧ್ಯಕ್ಷ ಕೆ. ಶಿವನ್ ಪೀಣ್ಯದ ನಿಯಂತ್ರಣ ಕೇಂದ್ರದಿಂದ ಪ್ರಕಟಿಸಿದರು. ದೇಶವೇ ಆ ಮಾತನ್ನು ಭಾರವಾದ ಮನಸ್ಸಿನಿಂದ ಕೇಳಿಸಿಕೊಂಡಿತು.

ಆದರೆ ನೇರ ಪ್ರಸಾರವನ್ನು ಕಣ್ಣಿಟ್ಟು ನೋಡಿದ್ದ ಬಾಹ್ಯಾಕಾಶ ಹವ್ಯಾಸಿಗಳು ಬೇರೊಂದು ಸಂಗತಿಯನ್ನು ಗುರುತಿಸಿದ್ದರು. ಕೇಂದ್ರದ ಬೃಹತ್ ಪರದೆಯ ಮೇಲೆ ಲ್ಯಾಂಡರಿನ ಪಥವನ್ನು ತೋರುತ್ತಿದ್ದ ಹಸಿರು ಗೆರೆ 2.1 ಕಿ.ಮೀ. ಎತ್ತರದಲ್ಲಿ ನಿಂತಿರಲಿಲ್ಲ. ನಿಗದಿತ ಹಾದಿಯಿಂದ ಪಕ್ಕಕ್ಕೆ ಸರಿದ ಅದು ಇನ್ನೂ ಕೆಳಗಿಳಿದು, ನಾನೂರು ಮೀಟರಿಗೂ ಕಡಿಮೆ ಎತ್ತರದಲ್ಲಿ ಸ್ಥಗಿತಗೊಂಡಿತ್ತು. ಅತ್ತ ನೆದರ್ಲೆಂಡ್ಸ್‌ನ ಡ್ವಿಂಗೆಲೂ ಎಂಬಲ್ಲಿ, 1956ರಲ್ಲಿ ಕಟ್ಟಿದ ಹಾಗೂ ಈಗ ಸ್ವಯಂಸೇವಕರೇ ನಡೆಸುತ್ತಿರುವ 25 ಮೀಟರ್ ವ್ಯಾಸದ ರೇಡಿಯೊ ದೂರದರ್ಶಕವೂ ಅದೇ ಹೊತ್ತಿನಲ್ಲಿ ವಿಕ್ರಮ್‌ನ ಸಂಕೇತವನ್ನು ಆಲಿಸುತ್ತಿತ್ತು. ಖಗೋಳ ವಿಜ್ಞಾನಿ ಕೇಸ್ ಬಾಸ್ಸಾ ಅದರ ನಕ್ಷೆಯನ್ನು ಕೂಡಲೇ ಬಹಿರಂಗಪಡಿಸಿದರು. ಹತ್ತಿರ ಬರುವ ರೈಲಿನ ಸಿಳ್ಳೆಯ ಸ್ವರ ಏರಿ, ದೂರ ಸರಿದಂತೆ ಇಳಿಯುವ ಹಾಗೆ, ಚಲಿಸುವ ನೌಕೆಯ ರೇಡಿಯೊ ತರಂಗದ ಆವರ್ತನವೂ ಅದರ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಡಾಪ್ಲರ್ ಪರಿಣಾಮ ಎಂದು ಕರೆಯುವ ಈ ತತ್ವದಿಂದ ಲ್ಯಾಂಡರಿನ ವೇಗ ಹೇಗೆ ಬದಲಾಯಿತು, ಸಂಕೇತ ಯಾವ ಕ್ಷಣದಲ್ಲಿ ನಿಂತಿತು ಎಂಬುದನ್ನು ಭೂಮಿಯಿಂದಲೇ ಅಂದಾಜು ಮಾಡಬಹುದು.

ಅಂದರೆ, ಅಧಿಕೃತ ಹೇಳಿಕೆಯ ಪಕ್ಕದಲ್ಲಿಯೇ ಇನ್ನೊಂದು ದಾಖಲೆ ಆ ರಾತ್ರಿಯೇ ಲೋಕದ ಮುಂದಿತ್ತು. ಬಾಹ್ಯಾಕಾಶ ಮತ್ತು ವಿಮಾನಯಾನ ಕ್ಷೇತ್ರಗಳಲ್ಲಿ ಇಂದು ಮುಖ್ಯವಾಗಿರುವ ಪ್ರಶ್ನೆಯೂ ಇದೇ ಆಗಿದೆ. ಹವ್ಯಾಸಿಗಳ ಕಣ್ಣು, ಕಿವಿಗಳನ್ನು ತಪ್ಪಿಸಲಾಗದ ಈ ಕಾಲದಲ್ಲಿ ಸಂಸ್ಥೆಗಳು ಮೌನ ವಹಿಸುವುದರಿಂದ ಯಾರಿಗೆ ಲಾಭ?

ಚೆನ್ನೈ ಎಂಜಿನಿಯರ್ ಕಂಡ ಒಂದು ಚುಕ್ಕೆ

ಘಟನೆಯ ಮೂರು ದಿನಗಳ ನಂತರ, ವಿಕ್ರಮ್ ಇರುವ ಸ್ಥಳವನ್ನು ಆರ್ಬಿಟರ್ ಪತ್ತೆ ಮಾಡಿದೆ, ಆದರೆ ಸಂಪರ್ಕ ಸಾಧ್ಯವಾಗಿಲ್ಲ ಎಂದು ಇಸ್ರೋ ಚುಟುಕಾಗಿ ತಿಳಿಸಿತು. ಚಿತ್ರವನ್ನು ಬಿಡುಗಡೆ ಮಾಡಲಿಲ್ಲ. ಲ್ಯಾಂಡರ್ ವಾಲಿದೆ, ಆದರೆ ಮುರಿದಿಲ್ಲ ಎಂಬ ಸುದ್ದಿ ಹೆಸರು ಹೇಳಲಿಚ್ಛಿಸದ ಅಧಿಕಾರಿಯ ಬಾಯಿಂದ ಹೊರಟು ದೇಶವೆಲ್ಲ ಹರಡಿತು. ವಾರಗಟ್ಟಲೆ ಜನ ಆಸೆ ಹಿಡಿದು ಕಾದರು.

ಸೆಪ್ಟೆಂಬರ್ 26ರಂದು ಅಮೆರಿಕದ ನಾಸಾ ಸಂಸ್ಥೆಯು ತನ್ನ ಚಂದ್ರ ಪರಿಭ್ರಮಣ ನೌಕೆ ಎಲ್‌ಆರ್‌ಒ ತೆಗೆದ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅವುಗಳನ್ನು ಹಳೆಯ ಚಿತ್ರಗಳೊಡನೆ ಹೋಲಿಸುತ್ತ ಕುಳಿತರು. ಮೊದಲು ಇಲ್ಲದಿದ್ದ ಒಂದು ಬಿಳಿ ಚುಕ್ಕೆ ಅವರಿಗೆ ಕಂಡಿತು. ಚಿತ್ರದಲ್ಲಿ ಅದರ ಗಾತ್ರ ಒಂದೇ ಒಂದು ಪಿಕ್ಸೆಲ್. ಅವರು ನಾಸಾಗೆ ಬರೆದರು. ವಿಜ್ಞಾನಿಗಳು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ತೆಗೆದ ಹೊಸ ಚಿತ್ರಗಳೊಡನೆ ತಾಳೆ ನೋಡಿ, ಡಿಸೆಂಬರ್ 2ರಂದು ಅದು ವಿಕ್ರಮ್‌ನ ಅವಶೇಷವೆಂದು ದೃಢಪಡಿಸಿದರು. ಮುಖ್ಯ ಅಪ್ಪಳಿಕೆಯ ಸ್ಥಳದಿಂದ ವಾಯವ್ಯಕ್ಕೆ ಸುಮಾರು 750 ಮೀಟರ್ ದೂರದಲ್ಲಿ ಆ ಚೂರು ಬಿದ್ದಿತ್ತು. ಪತ್ತೆಯ ಶ್ರೇಯವನ್ನು ನಾಸಾ ಹೆಸರು ಸಹಿತ ಅವರಿಗೆ ನೀಡಿತು. ತಮ್ಮ ಆರ್ಬಿಟರ್ ಮೊದಲೇ ಪತ್ತೆ ಹಚ್ಚಿತ್ತು, ಅದನ್ನು ಜಾಲತಾಣದಲ್ಲಿ ತಿಳಿಸಲಾಗಿತ್ತು ಎಂದು ಶಿವನ್ ಪ್ರತಿಕ್ರಿಯಿಸಿದರು.

ಇಬ್ಬರ ಮಾತೂ ನಿಜವಿರಬಹುದು. ವ್ಯತ್ಯಾಸವಿರುವುದು ಪರಿಶೀಲನೆಯ ಅವಕಾಶದಲ್ಲಿ. ಒಂದು ಸಂಸ್ಥೆ ಚಿತ್ರವನ್ನೇ ಮುಂದಿಟ್ಟು ಯಾರು ಬೇಕಾದರೂ ನೋಡಲಿ ಎಂದಿತು. ಇನ್ನೊಂದು, ಕಂಡಿದ್ದೇವೆ, ನಂಬಿ ಎಂದಿತು.

ಈ ನಡುವೆ ನವೆಂಬರ್ 20ರಂದು ಸಚಿವ ಜಿತೇಂದ್ರ ಸಿಂಗ್ ಲೋಕಸಭೆಗೆ ನೀಡಿದ ಲಿಖಿತ ಉತ್ತರದಲ್ಲಿ ಮೊದಲ ಬಾರಿಗೆ ಅಂಕಿಗಳು ಹೊರಬಂದವು. 30 ಕಿ.ಮೀ.ನಿಂದ 7.4 ಕಿ.ಮೀ. ಎತ್ತರದವರೆಗೆ ಲ್ಯಾಂಡರಿನ ವೇಗ ಸೆಕೆಂಡಿಗೆ 1,683 ಮೀಟರಿನಿಂದ 146 ಮೀಟರಿಗೆ ಸರಿಯಾಗಿಯೇ ಇಳಿಯಿತು. ಎರಡನೇ ಹಂತದಲ್ಲಿ ವೇಗದ ಇಳಿಕೆ ವಿನ್ಯಾಸದ ಮಿತಿಯನ್ನು ಮೀರಿತು. ಪರಿಣಾಮವಾಗಿ ವಿಕ್ರಮ್ ನಿಗದಿತ ಜಾಗದ 500 ಮೀಟರ್ ವ್ಯಾಪ್ತಿಯೊಳಗೆ ರಭಸದಿಂದ ಅಪ್ಪಳಿಸಿತು. ಕಾರಣಗಳ ವಿವರವಾದ ನಿರೂಪಣೆ ಸಿಕ್ಕಿದ್ದು 2023ರಲ್ಲಿ, ಚಂದ್ರಯಾನ-3ರ ಸಂದರ್ಭದಲ್ಲಿ. ಎಂಜಿನ್‌ಗಳು ಅಂದಾಜಿಗಿಂತ ಹೆಚ್ಚು ನೂಕುಬಲ ಕೊಟ್ಟದ್ದು, ಅದರಿಂದ ದೋಷಗಳು ಒಂದರ ಮೇಲೊಂದು ಕೂಡಿದ್ದು, ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್ ಉದ್ದಗಲದಷ್ಟು ಕಿರಿದಾಗಿದ್ದುದು, ಇವೆಲ್ಲವನ್ನೂ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಬಿಡಿಸಿ ಹೇಳಿದರು. ಹೊಸ ಲ್ಯಾಂಡರಿಗೆ ಸುಮಾರು ನಾಲ್ಕು ಕಿ.ಮೀ. ಉದ್ದ, ಎರಡೂವರೆ ಕಿ.ಮೀ. ಅಗಲದ ಪ್ರದೇಶ ನೀಡಲಾಯಿತು. 2023ರ ಆಗಸ್ಟ್ 23ರಂದು ಅದು ಸುರಕ್ಷಿತವಾಗಿ ಇಳಿಯಿತು. ಸೋಲನ್ನು ಬಿಡಿಸಿ ಹೇಳಿದ್ದರಿಂದ ಇಸ್ರೋದ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ. ಆ ಮಾತಿಗೆ ನಾಲ್ಕು ವರ್ಷ ಕಾಯಬೇಕಿತ್ತೇ ಎಂಬುದಷ್ಟೇ ಪ್ರಶ್ನೆ.

ಶಾಲಾ ಮೇಷ್ಟ್ರು ಮತ್ತು ಗುಪ್ತ ನೆಲೆ

ಹವ್ಯಾಸಿಗಳು ಸರ್ಕಾರಗಳ ಗುಟ್ಟನ್ನು ಬಿಡಿಸಿದ್ದು ಇದೇ ಮೊದಲಲ್ಲ. ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಶಾಲೆಯ ಭೌತಶಾಸ್ತ್ರ ಶಿಕ್ಷಕ ಜೆಫ್ರಿ ಪೆರ್ರಿ 1960ರ ದಶಕದಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಸಾಧಾರಣ ರೇಡಿಯೊ ಗ್ರಾಹಕದಿಂದ ಸೋವಿಯತ್ ಉಪಗ್ರಹಗಳ ಸಂಕೇತಗಳನ್ನು ಆಲಿಸುತ್ತಿದ್ದರು. 1966ರಲ್ಲಿ ಹಾರಿದ ಕಾಸ್ಮೋಸ್-112 ಉಪಗ್ರಹದ ಕಕ್ಷೆ ಬೈಕನೂರಿನಿಂದ ಹೊರಟದ್ದಕ್ಕೆ ಹೊಂದುತ್ತಿರಲಿಲ್ಲ. ಲೆಕ್ಕ ಹಾಕಿದಾಗ ಅದು ಉತ್ತರ ರಷ್ಯಾದ ಪ್ಲೆಸೆಟ್ಸ್ಕ್ ಪ್ರದೇಶದತ್ತ ಬೊಟ್ಟು ಮಾಡಿತು. ಹೀಗೆ ಶಾಲೆಯೊಂದರ ತಂಡ ಲೋಕಕ್ಕೆ ತಿಳಿಸಿದ ಆ ಉಡಾವಣಾ ನೆಲೆಯನ್ನು ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1983ರಲ್ಲಿ.

ಇದೇ ಕಾಲದ ಇನ್ನೊಂದು ಪ್ರಕರಣ ನಾಣ್ಯದ ಮತ್ತೊಂದು ಮುಖವನ್ನು ತೋರುತ್ತದೆ. ಇಟಲಿಯ ಟ್ಯುರಿನ್ ನಗರದ ಜುಡಿಕಾ-ಕಾರ್ಡಿಲಿಯಾ ಸಹೋದರರೂ ರೇಡಿಯೊ ಹವ್ಯಾಸಿಗಳೇ. ಬಾಹ್ಯಾಕಾಶದಲ್ಲಿ ಸಾಯುತ್ತಿದ್ದ ಸೋವಿಯತ್ ಗಗನಯಾತ್ರಿಗಳ ದನಿಯನ್ನು ಮುದ್ರಿಸಿಕೊಂಡಿದ್ದೇವೆ ಎಂದು ಅವರು ಸಾರಿದರು. ಸೋವಿಯತ್ ಒಕ್ಕೂಟ ಕುಸಿದು ದಾಖಲೆಗಳು ತೆರೆದ ಮೇಲೂ ಅದಕ್ಕೆ ಪುರಾವೆ ಸಿಗಲಿಲ್ಲ. ಆದರೂ ಆ ಕಥೆ ದಶಕಗಳ ಕಾಲ ಬದುಕಿತು.

ಅದು ಬದುಕಲು ಕಾರಣವಿತ್ತು. 1960ರ ಅಕ್ಟೋಬರ್ 24ರಂದು ಬೈಕನೂರಿನಲ್ಲಿ ಕ್ಷಿಪಣಿಯೊಂದು ಸ್ಫೋಟಿಸಿ ಮಾರ್ಷಲ್ ನೆಡೆಲಿನ್ ಸೇರಿದಂತೆ ಹಲವರು ಸತ್ತರು. ಆ ಸತ್ಯ ಅಧಿಕೃತವಾಗಿ ಹೊರಬಂದದ್ದು 1989ರಲ್ಲಿ. ತರಬೇತಿಯಲ್ಲಿದ್ದ ಗಗನಯಾತ್ರಿ ವ್ಯಾಲೆಂಟಿನ್ ಬೊಂಡರೆಂಕೊ 1961ರ ಮಾರ್ಚ್‌ನಲ್ಲಿ, ಆಮ್ಲಜನಕ ಹೆಚ್ಚಿದ್ದ ಒತ್ತಡ ಕೋಣೆಯಲ್ಲಿ ಹೊತ್ತಿದ ಬೆಂಕಿಗೆ ಬಲಿಯಾದರು. ಅದು ಬೆಳಕಿಗೆ ಬಂದದ್ದು 1986ರಲ್ಲಿ. ನಿಜವಾದ ಸಾವುಗಳನ್ನು ಮುಚ್ಚಿಟ್ಟ ಸರ್ಕಾರ, ಇಲ್ಲದ ಸಾವುಗಳ ವದಂತಿಯನ್ನು ಅಲ್ಲಗಳೆದರೆ ನಂಬುವವರು ಯಾರು? ಅಂತೆಕಂತೆಗೆ ನೀರೆರೆದದ್ದು ಆ ಸರ್ಕಾರದ ಮೌನವೇ.

ಪೆರ್ರಿಯವರಿಗೂ ಟ್ಯುರಿನ್ ಸಹೋದರರಿಗೂ ಇದ್ದ ಅಂತರ ಉಪಕರಣದ್ದಲ್ಲ, ಪದವಿಯದ್ದೂ ಅಲ್ಲ. ಪೆರ್ರಿಯವರ ಲೆಕ್ಕವನ್ನು ಇನ್ನೊಬ್ಬರು ಮಾಡಿ ನೋಡಬಹುದಿತ್ತು. ಹವ್ಯಾಸಿಯ ಮಾತನ್ನು ಅಳೆಯಲು ಇರುವ ಕೋಲು ಇದೊಂದೇ.

ಅಹಮದಾಬಾದ್ ದುರಂತದ ಪಾಠ

ವಿಮಾನಯಾನದಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಏಕೆಂದರೆ ಅಲ್ಲಿ ಸತ್ತವರ ಮಾನ, ಉಳಿದವರ ಬದುಕು ಎರಡೂ ತಳುಕು ಹಾಕಿಕೊಂಡಿರುತ್ತವೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಉರುಳಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ ಅಸುನೀಗಿದರು. ನೆಲದ ಮೇಲಿದ್ದ 19 ಜನರೂ ಪ್ರಾಣ ತೆತ್ತರು.

ಅಂದು ಸಂಜೆಯಿಂದಲೇ ವಿಮಾನ ಹವ್ಯಾಸಿಗಳ ವಿಶ್ಲೇಷಣೆ ಆರಂಭವಾಯಿತು. ರೆಕ್ಕೆಯ ಫ್ಲ್ಯಾಪ್‌ಗಳನ್ನು ಇಳಿಸಲು ಪೈಲಟ್‌ಗಳು ಮರೆತರು ಎಂದು ಕೆಲವರು ತೀರ್ಪಿತ್ತರು. ಹಕ್ಕಿ ಬಡಿದಿದೆ ಎಂದರು ಇನ್ನು ಕೆಲವರು. ಮತ್ತೆ ಕೆಲವರು ದೃಶ್ಯ ಮತ್ತು ಶಬ್ದವನ್ನು ಆಲಿಸಿ, ಎಂಜಿನ್ ಶಕ್ತಿ ಕಳೆದುಕೊಂಡಾಗ ಹೊರಚಾಚಿ ಗಾಳಿಗೆ ತಿರುಗುವ ತುರ್ತು ಟರ್ಬೈನ್ ಕೆಲಸ ಮಾಡುತ್ತಿತ್ತು, ಆದ್ದರಿಂದ ಎರಡೂ ಎಂಜಿನ್‌ಗಳು ವಿಫಲವಾಗಿರಬೇಕು ಎಂದು ತರ್ಕಿಸಿದರು.

ಜುಲೈ 12ರಂದು ವಿಮಾನ ಅಪಘಾತ ತನಿಖಾ ಬ್ಯೂರೋದ ಪ್ರಾಥಮಿಕ ವರದಿ ಹೊರಬಂತು. ಫ್ಲ್ಯಾಪ್ ಸನ್ನೆ ಟೇಕಾಫ್‌ಗೆ ಬೇಕಾದ 5 ಡಿಗ್ರಿ ಸ್ಥಾನದಲ್ಲಿಯೇ ಇತ್ತು. ಹಕ್ಕಿಗಳ ಗಮನಾರ್ಹ ಓಡಾಟ ಕಂಡುಬಂದಿರಲಿಲ್ಲ. ತುರ್ತು ಟರ್ಬೈನ್ ಹೊರಬಂದದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಸ್ಥಗಿತದ ಸ್ಥಾನಕ್ಕೆ ಬಂದಿದ್ದವು. ಹೀಗೆ ಮೂವತ್ತು ದಿನಗಳಲ್ಲಿ ಮೂರು ಊಹೆಗಳಲ್ಲಿ ಎರಡು ಬಿದ್ದುಹೋದವು, ಒಂದು ನಿಂತಿತು.

ಪ್ರಾಥಮಿಕ ವರದಿಯನ್ನು 30 ದಿನಗಳೊಳಗೆ ನೀಡಬೇಕೆಂಬ ಅಂತಾರಾಷ್ಟ್ರೀಯ ನಿಯಮದ ಬೆಲೆ ಇಲ್ಲಿ ಗೊತ್ತಾಗುತ್ತದೆ. ಅದೇ ವರದಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಸ್ವಿಚ್ ಏಕೆ ಸ್ಥಗಿತಗೊಳಿಸಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದು, ತಾನು ಹಾಗೆ ಮಾಡಲಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದ್ದು, ಇಷ್ಟನ್ನು ಮಾತ್ರ ವರದಿ ತಿಳಿಸಿತು. ಕೇಳಿದವರಾರು, ಉತ್ತರಿಸಿದವರಾರು, ಸಂಭಾಷಣೆಯ ಹಿಂದುಮುಂದೇನು ಎಂಬುದನ್ನು ಹೇಳಲಿಲ್ಲ. ಆ ಒಂದು ಸಾಲನ್ನೇ ಹಿಡಿದು, ಉತ್ತರಿಸಲು ಈಗಿಲ್ಲದ ವ್ಯಕ್ತಿಗಳ ಮೇಲೆ ಆರೋಪ ಹೊರಿಸುವ ಪೈಪೋಟಿ ನಡೆಯಿತು. ಪೂರ್ಣ ಮೌನದಂತೆ ಅರ್ಧ ಮಾತೂ ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಸ್ರೋದ ಹಳೆಯ ಒಳ್ಳೆಯ ರೂಢಿ

ಇಸ್ರೋ ಎಲ್ಲವನ್ನೂ ಮುಚ್ಚಿಡುವ ಸಂಸ್ಥೆ ಎನ್ನುವುದು ಅನ್ಯಾಯವಾದೀತು. ಚಂದ್ರಯಾನ-2ರ ಆರ್ಬಿಟರ್ ಸಂಗ್ರಹಿಸಿದ ವೈಜ್ಞಾನಿಕ ದತ್ತಾಂಶವನ್ನು ಬೆಂಗಳೂರು ಸಮೀಪದ ಬ್ಯಾಲಾಳಿನ ದತ್ತಾಂಶ ಕೇಂದ್ರದ ಮೂಲಕ 2020ರ ಡಿಸೆಂಬರ್‌ನಿಂದ ಸಾರ್ವಜನಿಕರಿಗೆ ತೆರೆದಿಡಲಾಗಿದೆ. ಸೋಲುಗಳ ವಿಷಯದಲ್ಲೂ ಸಂಸ್ಥೆ ಮೇಲ್ಪಂಕ್ತಿ ಹಾಕಿದೆ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ವಿಫಲವಾದಾಗ, ದ್ರವ ಜಲಜನಕದ ತೊಟ್ಟಿಯ ಕವಾಟದಲ್ಲಿನ ಸೋರಿಕೆಯೇ ಅದಕ್ಕೆ ಕಾರಣವೆಂದು ತಜ್ಞರ ಸಮಿತಿ ಕಂಡುಕೊಂಡದ್ದನ್ನು ಪ್ರಕಟಿಸಲಾಯಿತು. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿಯ ಚೊಚ್ಚಲ ಹಾರಾಟ ಸೋತಾಗ, ಎರಡನೇ ಹಂತ ಬೇರ್ಪಡುವಾಗಿನ ಕಂಪನದಿಂದ ವೇಗೋತ್ಕರ್ಷ ಮಾಪಕಗಳು ದಿಕ್ಕು ತಪ್ಪಿದ್ದನ್ನು ಮುಂದಿನ ಹಾರಾಟಕ್ಕೆ ಮುನ್ನವೇ ವಿವರಿಸಲಾಯಿತು. ಆ ಹಾರಾಟ ಯಶಸ್ವಿಯೂ ಆಯಿತು.

ಈ ರೂಢಿ ಪಿಎಸ್‌ಎಲ್‌ವಿ ವಿಷಯದಲ್ಲಿ ತಪ್ಪಿದ್ದೇ ಈಗಿನ ಚರ್ಚೆಗೆ ಕಾರಣ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ಒತ್ತಡ ಕುಸಿದು ಇಒಎಸ್-09 ಉಪಗ್ರಹ ನಷ್ಟವಾಯಿತು. ವಿಶ್ಲೇಷಣಾ ಸಮಿತಿ ರಚನೆಯಾಯಿತು, ಆದರೆ ಅದರ ವರದಿ ಮುಂದಿನ ಉಡಾವಣೆಗೆ ಮುನ್ನ ಸಾರ್ವಜನಿಕವಾಗಲಿಲ್ಲ. 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಕೂಡ ಮೂರನೇ ಹಂತದಲ್ಲಿಯೇ ಎಡವಿತು. ಈ ಬಾರಿ ಸರ್ಕಾರಿ ಉಪಗ್ರಹದ ಜೊತೆ ಖಾಸಗಿ ನವೋದ್ಯಮಗಳ ಉಪಗ್ರಹಗಳೂ ಹೋದವು. ಎರಡು ಸೋಲುಗಳ ಮೂಲ ಒಂದೇ ಇರಲೂಬಹುದು, ಬೇರೆಯಿರಲೂಬಹುದು. ಮೊದಲ ವರದಿ ಕೈಯಲ್ಲಿದ್ದಿದ್ದರೆ ಆ ಪ್ರಶ್ನೆಯನ್ನು ಅಂದೇ ವಿವೇಕದಿಂದ ಚರ್ಚಿಸಬಹುದಿತ್ತು. ವರದಿ ಇಲ್ಲದ ಕಾರಣ ಬುಡಮೇಲು ಕೃತ್ಯ, ಪಿತೂರಿ ಎಂಬ ಆಧಾರವಿಲ್ಲದ ಮಾತುಗಳಿಗೂ ಎಡೆಯಾಯಿತು.

ಗೋಪ್ಯತೆಯ ಪರವಾದ ವಾದಗಳನ್ನೂ ತಳ್ಳಿಹಾಕುವಂತಿಲ್ಲ. ರಾಕೆಟ್ ತಂತ್ರಜ್ಞಾನಕ್ಕೂ ಕ್ಷಿಪಣಿ ತಂತ್ರಜ್ಞಾನಕ್ಕೂ ನಂಟಿದೆ. ಕೆಲವು ಉಪಗ್ರಹಗಳು ರಕ್ಷಣಾ ಬಳಕೆಗೂ ಒದಗುತ್ತವೆ. ಅವಸರದಲ್ಲಿ ಆಡಿದ ಮಾತು ತನಿಖೆಯ ದಾರಿ ತಪ್ಪಿಸಬಹುದು. ಆದರೆ ಯಾವ ಭಾಗ ಕೆಟ್ಟಿತು, ಹೇಗೆ ಸರಿಪಡಿಸಲಾಯಿತು ಎಂಬ ಸಾರಾಂಶವನ್ನು ಹೇಳಲು ವಿನ್ಯಾಸದ ನಕ್ಷೆ ಬಿಚ್ಚಿಡಬೇಕಾಗಿಲ್ಲ. 2021 ಮತ್ತು 2022ರ ಸೋಲುಗಳ ಬಗ್ಗೆ ಇಸ್ರೋ ಮಾಡಿದ್ದು ಅಷ್ಟನ್ನೇ. ಅದರಿಂದ ದೇಶದ ಭದ್ರತೆಗೆ ಕುಂದು ಬಂದದ್ದನ್ನು ಯಾರೂ ಕೇಳಿಲ್ಲ.

ಕಾಲಮಿತಿ ಬೇಕು

ವಿಮಾನ ಅಪಘಾತದ ತನಿಖೆಗೆ 30 ದಿನಗಳ ನಿಯಮವಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ರಾಕೆಟ್ ಉಡಾವಣೆ ವಿಫಲವಾದರೆ ಇಂತಿಷ್ಟು ದಿನದೊಳಗೆ ಪ್ರಾಥಮಿಕ ವಿವರಣೆ, ಮುಂದಿನ ಉಡಾವಣೆಗೆ ಮುನ್ನ ವರದಿಯ ಸಾರಾಂಶ ಪ್ರಕಟಿಸಬೇಕೆಂಬ ಕಟ್ಟುಪಾಡನ್ನು ಬಾಹ್ಯಾಕಾಶ ಇಲಾಖೆ ತಾನಾಗಿಯೇ ಹಾಕಿಕೊಳ್ಳಬಹುದು. ಇದಕ್ಕೆ ಹೊಸ ಸಂಸ್ಥೆಯೂ ಬೇಡ, ಹೆಚ್ಚಿನ ಖರ್ಚೂ ಇಲ್ಲ.

ಹವ್ಯಾಸಿಗಳ ಮೇಲೂ ಹೊಣೆಯಿದೆ. ಷಣ್ಮುಗ ಅವರು ತಮ್ಮ ಪತ್ತೆಯನ್ನು ಬಲ್ಲವರಿಗೆ ಕಳುಹಿಸಿ ಎರಡು ತಿಂಗಳು ಕಾದರು. ಅಹಮದಾಬಾದಿನ ಹೊಗೆ ಆರುವ ಮುನ್ನವೇ ಪೈಲಟ್‌ಗಳ ಮೇಲೆ ತೀರ್ಪು ಕೊಟ್ಟವರಿಗೆ ಆ ಸಂಯಮ ಇರಲಿಲ್ಲ. ಲೆಕ್ಕ, ಚಿತ್ರ, ಸಂಕೇತ ಏನಿದೆಯೋ ಅದನ್ನು ಮುಂದಿಟ್ಟು ಮಾತಾಡುವವರನ್ನು ಸಂಸ್ಥೆಗಳು ಜೊತೆಗಾರರಂತೆ ಕಾಣಬೇಕು. ಏನನ್ನೂ ಮುಂದಿಡದೆ ಮಾತಾಡುವವರನ್ನು ಸುಮ್ಮನಾಗಿಸಲು ಸಂಸ್ಥೆಗಳ ಬಳಿ ಇರುವ ಸಾಧನವೂ ಅದೇ ಲೆಕ್ಕ, ಅದೇ ಚಿತ್ರ. ಅದನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಯಾರಿಗೂ ಉಪಯೋಗವಿಲ್ಲ.